ಮನೆಗೆ ಮರಳಿದ ಹುಡುಗರೂ ಈ ಚರಿತ್ರೆಯವರೇ

ದೈವಕರೆಗಾಗಿ ಜಗತ್ತಿನ ಕಥೋಲಿಕರೆಲ್ಲ ಕೂಡಿ ಪ್ರಾರ್ಥಿಸುವ ದಿನವೊಂದನ್ನು ಪೋಪ್ ಆರನೇ ಪಾಲ್ 1964ರಲ್ಲಿ ಗೊತ್ತುಮಾಡಿದರು. ಅದಕ್ಕೆ ಅರವತ್ತು ವರ್ಷ ತುಂಬಿದ ನೆನಪಿನ ಈ ಸಂಚಿಕೆಯಲ್ಲಿ ಗುರುದೀಕ್ಷೆ ಪಡೆದವರ ಹೆಸರುಗಳಿಗೆ ಮೊದಲ ಮಣೆ ಸಿಗುವುದು ಸಹಜ. ಆದರೆ ಆ ಹೆಸರುಗಳು ಹಾದುಬಂದ ಹೊಸಿಲೊಂದಿದೆ. ಬೇಸಿಗೆ ರಜೆಯಲ್ಲಿ ಹತ್ತನೇ ತರಗತಿ, ಪಿಯುಸಿ ಮುಗಿಸಿದ ಹುಡುಗರು ಚೀಲ ಹೊತ್ತು ಬರುವ ದೈವಕರೆ ಶಿಬಿರ, ಜನರ ಮಾತಿನಲ್ಲಿ ವೊಕೇಶನ್ ಕ್ಯಾಂಪ್. ಅಲ್ಲಿಗೆ ಬಂದವರಲ್ಲಿ ಬಹುಪಾಲು ಹುಡುಗರು ಗುರುಮಠ (ಸೆಮಿನರಿ) ಸೇರುವುದಿಲ್ಲ. ಅವರು ಮನೆಗೆ ಹೋಗುತ್ತಾರೆ, ಕಾಲೇಜು ಸೇರುತ್ತಾರೆ, ಮುಂದೆ ಮದುವೆಯಾಗುತ್ತಾರೆ. ವರದಿಗಳಲ್ಲಿ ಅವರ ಲೆಕ್ಕ ಇರುವುದಿಲ್ಲ, ಇದ್ದರೂ ಅದು ಕೊರತೆಯ ಲೆಕ್ಕವಾಗಿರುತ್ತದೆ. ಈ ಓದು ತಪ್ಪೆಂಬುದು ಈ ಲೇಖನದ ವಾದ. ಹುಡುಗನೊಬ್ಬ ವಿಚಾರಮಾಡಿ 'ಇದು ನನ್ನ ದಾರಿಯಲ್ಲ' ಎಂದು ಹೇಳಿ ಮರಳುವುದಕ್ಕೆ ಅವಕಾಶವಿರಬೇಕೆಂಬ ತತ್ವ ಈ ವ್ಯವಸ್ಥೆಯ ಬುಡದಲ್ಲೇ ಇತ್ತು. ಬಡ ಮಕ್ಕಳಿಗೆ ಓದು, ಮಿಷನ್ ಪ್ರಾಂತ್ಯಗಳಿಗೆ ಗುರುಗಳು ಎಂಬ ಎರಡು ದೊಡ್ಡ ಅಗತ್ಯಗಳು ಅದನ್ನು ಶತಮಾನಗಳ ಕಾಲ ಮುಚ್ಚಿಟ್ಟವು. ಆ ಅಗತ್ಯಗಳ ಒತ್ತಡ ತಗ್ಗಿದಾಗ ಇಂದಿನ ಶಿಬಿರ ಹುಟ್ಟಿತು.

1522–1563: ಗುಹೆಯಲ್ಲಿ ಒಂದು, ಮಹಾಸಭೆಯಲ್ಲಿ ಇನ್ನೊಂದು

ಶಿಬಿರದ ವಂಶವೃಕ್ಷಕ್ಕೆ ಎರಡು ಬೇರುಗಳಿವೆ. ಮೊದಲನೆಯದು ಸ್ಪೇನಿನ ಮನ್ರೇಸಾ. 1521ರ ಮೇ ತಿಂಗಳಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಕಾಲಿಗೆ ಗುಂಡು ತಗುಲಿದ ಲೊಯೋಲಾದ ಇಗ್ನೇಷಿಯಸ್, ಮರುವರ್ಷ ಮನ್ರೇಸಾದಲ್ಲಿ ತಂಗಿ ಗುಹೆಯೊಂದರಲ್ಲಿ ಪ್ರಾರ್ಥಿಸುತ್ತಿದ್ದಾಗ ತನ್ನ ಮನಸ್ಸಿನ ಏರಿಳಿತಗಳನ್ನು ಗಮನಿಸಿ ಬರೆದಿಟ್ಟುಕೊಂಡ ಟಿಪ್ಪಣಿಗಳು 'ಆಧ್ಯಾತ್ಮಿಕ ಸಾಧನೆಗಳು' ಎಂಬ ಪುಸ್ತಕವಾಗಿ ಬೆಳೆದವು. 1548ರಲ್ಲಿ ಪೋಪ್ ಮೂರನೇ ಪಾಲ್ ಅದಕ್ಕೆ ಒಪ್ಪಿಗೆ ಕೊಟ್ಟರು. ಕಥೋಲಿಕ ಲೋಕದ ಧ್ಯಾನಕೂಟಗಳಲ್ಲಿ ಹೆಚ್ಚಿನವು ಒಂದಲ್ಲ ಒಂದು ರೀತಿಯಲ್ಲಿ ಈ ಸಣ್ಣ ಪುಸ್ತಕಕ್ಕೆ ಋಣಿ. ಅದರ ಆರಂಭದಲ್ಲೇ ಧ್ಯಾನ ನಡೆಸಿಕೊಡುವ ಗುರುವಿಗೆ ಕೆಲವು ಎಚ್ಚರಿಕೆಗಳಿವೆ. ಅವುಗಳಲ್ಲಿ ಹದಿನಾಲ್ಕನೆಯದರ ಸಾರ ಇಷ್ಟು: ಧ್ಯಾನದ ಉತ್ಸಾಹದಲ್ಲಿ ತೇಲುತ್ತಿರುವವನು ದುಡುಕಿ ವ್ರತ ತೊಡದಂತೆ ತಡೆಯಬೇಕು. ಹದಿನೈದನೆಯದು ಇನ್ನೂ ಖಡಾಖಂಡಿತ. ಧ್ಯಾನದ ದಿನಗಳಲ್ಲಿ ಗುರು ತನ್ನ ಶಿಷ್ಯನನ್ನು ಸನ್ಯಾಸದ ಕಡೆಗೂ ದೂಡಬಾರದು, ಸಂಸಾರದ ಕಡೆಗೂ ದೂಡಬಾರದು, ತಕ್ಕಡಿಯ ಮುಳ್ಳಿನಂತೆ ನಡುವೆ ನಿಲ್ಲಬೇಕು. ಗಮನಿಸಬೇಕಾದ ಸಂಗತಿಯೆಂದರೆ, ಇದನ್ನು ಬರೆದಾತ ಹದಿಹರೆಯದ ಹುಡುಗನಾಗಿರಲಿಲ್ಲ. ಗಾಯಗೊಂಡಾಗ ಅವನಿಗೆ ಸುಮಾರು ಮೂವತ್ತು ವರ್ಷ. ಬೆಳೆದವನಿಗೇ ಇಷ್ಟು ಎಚ್ಚರಿಕೆ ಬೇಕೆಂದ ಮೇಲೆ ಹದಿನಾರರ ಹುಡುಗನಿಗೆ ಎಷ್ಟು ಬೇಕೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡನೇ ಬೇರು ಟ್ರೆಂಟ್ ಮಹಾಸಭೆ. 1563ರ ಜುಲೈ 15ರಂದು ನಡೆದ ಅದರ ಇಪ್ಪತ್ತಮೂರನೇ ಅಧಿವೇಶನ ಪ್ರತಿ ಧರ್ಮಾಧ್ಯಕ್ಷರೂ ಗುರುಮಠ ತೆರೆಯಬೇಕೆಂದು ವಿಧಿಸಿತು. ಸೇರುವವನಿಗೆ ಕನಿಷ್ಠ ಹನ್ನೆರಡು ವರ್ಷ ಆಗಿರಬೇಕು, ಓದುಬರಹ ಬಲ್ಲವನಾಗಿರಬೇಕು, ಬಡವರ ಮಕ್ಕಳಿಗೆ ಆದ್ಯತೆ ಇರಬೇಕು, ಶ್ರೀಮಂತರ ಮಕ್ಕಳು ತಮ್ಮ ಖರ್ಚಿನಲ್ಲಿ ಕಲಿಯಬಹುದು. ಅಂದಿನ ಯುರೋಪಿನಲ್ಲಿ ಬಡ ಹುಡುಗನಿಗೆ ಶಾಲೆಯೇ ಅಪರೂಪವಾಗಿದ್ದಾಗ ಈ ವಿಧಿ ಎಂಥ ದೊಡ್ಡ ಸಾಮಾಜಿಕ ಬಾಗಿಲು ತೆರೆಯಿತೆಂಬುದನ್ನು ಟೀಕಾಕಾರರೂ ಒಪ್ಪುತ್ತಾರೆ. ಆದರೆ ಅದೇ ಬಾಗಿಲಿನಲ್ಲಿ ಒಂದು ತೊಡಕೂ ಒಳಬಂತು. ಅನ್ನ, ಅಕ್ಷರ, ದೈವಕರೆ ಮೂರೂ ಒಂದೇ ಸೂರಿನಡಿ ಸಿಗುವಾಗ ಹುಡುಗ ಬಂದದ್ದು ಯಾವುದಕ್ಕೆಂದು ಬೇರ್ಪಡಿಸಿ ನೋಡುವುದು ಅವನಿಗೂ ಕಷ್ಟ, ಗುರುಗಳಿಗೂ ಕಷ್ಟ. ಇದು ಮಹಾಸಭೆಗೆ ತಿಳಿಯದ ಸಂಗತಿಯಾಗಿರಲಿಲ್ಲ ಎಂದು ಊಹಿಸಲು ಆಧಾರವಿದೆ. ಸೇರುವ ಕನಿಷ್ಠ ವಯಸ್ಸನ್ನು ಹನ್ನೆರಡೆಂದು ಗೊತ್ತುಮಾಡಿದ ಅದೇ ಅಧಿವೇಶನ, ಗುರುದೀಕ್ಷೆಯನ್ನು ಇಪ್ಪತ್ತೈದನೇ ವಯಸ್ಸಿಗೆ ಮೊದಲು ಕೊಡಕೂಡದೆಂದೂ ಹೇಳಿತು.

1628–1875: ಫ್ರಾನ್ಸಿನ ಅನುಭವ, ಟ್ಯೂರಿನ್ನಿನ ಅಂಗಳ

ಟ್ರೆಂಟಿನ ವಿಧಿ ಕಾಗದದಿಂದ ಕಟ್ಟಡಕ್ಕೆ ಇಳಿಯಲು ಬಹಳ ಕಾಲ ಹಿಡಿಯಿತು. ಫ್ರಾನ್ಸಿನಲ್ಲಿ ಸಂತ ವಿನ್ಸೆಂಟ್ ದೆ ಪಾಲ್ 1628ರಲ್ಲಿ ಬೋವೆ ಪಟ್ಟಣದ ಧರ್ಮಾಧ್ಯಕ್ಷರ ಕೋರಿಕೆಯಂತೆ ದೀಕ್ಷೆಗೆ ಸಿದ್ಧರಾದವರಿಗಾಗಿ ಧ್ಯಾನಕೂಟ ನಡೆಸಿದರು. ಮುಂದೆ ಪ್ಯಾರಿಸಿನಲ್ಲಿ ಅದು ವಾಡಿಕೆಯಾಯಿತು. 1636ರಲ್ಲಿ ಅವರು 'ಬೊನ್ಸಾನ್‌ಫಾನ್' ಕಾಲೇಜಿನಲ್ಲಿ ಚಿಕ್ಕ ಹುಡುಗರ ಗುರುಮಠವನ್ನೂ ತೆರೆದರು. ಫಲ ನಿರೀಕ್ಷಿಸಿದಂತೆ ಬರಲಿಲ್ಲ. ತೀರ ಎಳೆಯ ವಯಸ್ಸಿನಲ್ಲಿ ತಂದ ಮಕ್ಕಳಲ್ಲಿ ಕೊನೆಯವರೆಗೆ ನಿಲ್ಲುವವರು ಕಡಿಮೆ ಎಂಬುದನ್ನು ಕಂಡುಕೊಂಡು, 1642ರಲ್ಲಿ ಬೆಳೆದವರ ತರಬೇತಿಗೆ ಕೈಹಾಕಿದರು. ಕೆಲವೇ ವರ್ಷಗಳಲ್ಲಿ ಹುಡುಗರನ್ನು ಬೇರೆಯದೇ ಮನೆಗೆ ಸಾಗಿಸಲಾಯಿತು. ಕಿರಿಯ ಗುರುಮಠಗಳು ಮುಚ್ಚಿದ್ದರಿಂದಲೇ ದೈವಕರೆಗಳು ಬತ್ತಿದವು ಎಂದು ಇಂದು ಹೇಳುವ ಹಿರಿಯರು ಈ ಹದಿನೇಳನೇ ಶತಮಾನದ ಪುಟವನ್ನೊಮ್ಮೆ ತಿರುವಿ ನೋಡುವುದೊಳ್ಳೆಯದು.

ಹತ್ತೊಂಬತ್ತನೇ ಶತಮಾನದ ಟ್ಯೂರಿನ್ನಿನಲ್ಲಿ ಚಿತ್ರ ಬೇರೆ. 1846ರ ಈಸ್ಟರ್ ಹಬ್ಬದಂದು ಡಾನ್ ಬೋಸ್ಕೊ ತಮ್ಮ ಹುಡುಗರೊಡನೆ ನೆಲೆನಿಂತದ್ದು ವಾಲ್ಡೊಕ್ಕೊದಲ್ಲಿ, ಪಿನಾರ್ಡಿ ಎಂಬಾತನ ಬಾಡಿಗೆ ಕೊಟ್ಟಿಗೆಯೊಂದರಲ್ಲಿ. ಕೈಗಾರಿಕೆಗಾಗಿ ಹಳ್ಳಿಯಿಂದ ನಗರಕ್ಕೆ ಬಂದ ಗಾರೆಕೆಲಸದ, ಬೀದಿಕೆಲಸದ ಹುಡುಗರು ಅಲ್ಲಿ ಸೇರುತ್ತಿದ್ದರು. ಎರಡು ವರ್ಷಗಳಲ್ಲೇ ರಾಜಕೀಯ ಗಲಭೆಯಿಂದ ನಗರದ ಗುರುಮಠ ಮುಚ್ಚಿ, ಅದರ ವಿದ್ಯಾರ್ಥಿಗಳಿಗೂ ಈ ಮನೆಯೇ ಆಸರೆಯಾಯಿತು. ಅಲ್ಲಿ ವರ್ಷಕ್ಕೊಮ್ಮೆ ಹುಡುಗರಿಗೆ ಧ್ಯಾನಕೂಟ ನಡೆಯುತ್ತಿತ್ತು. ಓದಿನ ಕೊನೆಯ ವರ್ಷಗಳಲ್ಲಿದ್ದವರು ತಮ್ಮ ಬಾಳಿನ ದಾರಿ ಯಾವುದೆಂದು ಯೋಚಿಸುವುದು ಆ ದಿನಗಳಲ್ಲೇ. ಡಾನ್ ಬೋಸ್ಕೊ ಕೈಯಲ್ಲಿ ಪಳಗಿದ ಹುಡುಗರಲ್ಲಿ ಅನೇಕರು ಅವರ ಸಲೇಶಿಯನ್ ಸಭೆಗೆ ಸೇರದೆ ಧರ್ಮಪ್ರಾಂತ್ಯದ ಗುರುಗಳಾದರು. ಬಡಗಿಗಳಾದವರು, ಮುದ್ರಕರಾದವರು, ಸೈನಿಕರಾದವರು ಅದಕ್ಕೂ ಹೆಚ್ಚು. 1875ರಲ್ಲಿ ಅವರು ವಯಸ್ಸಾದ ಮೇಲೆ ದೈವಕರೆಯ ಯೋಚನೆ ಬಂದವರಿಗೆಂದೇ ಪ್ರತ್ಯೇಕ ತರಗತಿಗಳ ಏರ್ಪಾಡು ಮಾಡಿದರು. ಹುಡುಗರ ಸಂತರೆಂದೇ ಹೆಸರಾದವರು ಈ ತೀರ್ಮಾನಕ್ಕೆ ಬಂದರೆಂಬುದು ಸಣ್ಣ ಸಾಕ್ಷ್ಯವಲ್ಲ. ಬೇಗ ಹಿಡಿಯದಿದ್ದರೆ ಕೈತಪ್ಪಿಹೋದೀತೆಂಬ ಭಯ ಅವರಿಗಿರಲಿಲ್ಲ.

1878–1955: ಮಂಗಳೂರು, ಕ್ಯಾಂಡಿ, ಮಲ್ಲೇಶ್ವರ

ನಮ್ಮ ಕರಾವಳಿಯಲ್ಲಿ ಈ ವ್ಯವಸ್ಥೆ ಕಾಲೂರಿದ್ದಕ್ಕೆ ನಿಶ್ಚಿತ ದಿನಾಂಕವಿದೆ. ಇಟಲಿಯ ಯೇಸುಸಭೆಯ ಗುರುಗಳು ಮಂಗಳೂರಿಗೆ ಬಂದಿಳಿದದ್ದು 1878ರ ಡಿಸೆಂಬರ್ 31ರಂದು. ಮರುವರ್ಷವೇ, ಇಂದು ಜೆಪ್ಪು ಸೆಮಿನರಿ ಎಂದು ಎಲ್ಲರೂ ಕರೆಯುವ ಸಂತ ಜೋಸೆಫರ ಗುರುಮಠ ಆರಂಭವಾಯಿತು. ಅದರ ಬೆನ್ನಿಗೆ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು. ಈ ಕ್ರಮ ಅರ್ಥಪೂರ್ಣ. ಕಾಲೇಜಿಗಿಂತ ಮೊದಲು ಗುರುಮಠ ಬಂತು. ಸ್ಥಳೀಯ ಗುರುಗಳನ್ನು ಬೆಳೆಸಬೇಕೆಂದು ರೋಮ್ 1845ರಿಂದಲೇ ಮಿಷನ್ ಪ್ರಾಂತ್ಯಗಳಿಗೆ ತಾಕೀತು ಮಾಡುತ್ತ ಬಂದಿತ್ತು. 1886ರಲ್ಲಿ ಭಾರತಕ್ಕೆ ಧರ್ಮಾಧ್ಯಕ್ಷರ ಶ್ರೇಣಿ ಸ್ಥಾಪನೆಯಾಗಿ ಮಂಗಳೂರು ಪೂರ್ಣ ಧರ್ಮಪ್ರಾಂತ್ಯವಾಯಿತು. ಪೋಪ್ ಹದಿಮೂರನೇ ಲಿಯೊ 1893ರ ಜೂನ್ 24ರ ಪತ್ರದಲ್ಲಿ ಭಾರತದ ಗುರುಗಳನ್ನು ಭಾರತೀಯರೊಳಗಿಂದಲೇ ತರಬೇಕೆಂದು ವಾದಿಸಿದರು. ಅದೇ ವರ್ಷ ಸಿಂಹಳದ ಕ್ಯಾಂಡಿಯಲ್ಲಿ ಅವರ ಗುರುಮಠ ತೆರೆಯಿತು. 1955ರಲ್ಲಿ ಅದು ಪುಣೆಗೆ ಬಂತು. ಪುದುಚೇರಿಯಲ್ಲಿ 1778ರಿಂದ ಬೇರುಬಿಟ್ಟಿದ್ದ ಸಂತ ಪೇತ್ರರ ಗುರುಮಠ 1934ರಲ್ಲಿ ಬೆಂಗಳೂರಿನ ಮಲ್ಲೇಶ್ವರಕ್ಕೆ ಸ್ಥಳಾಂತರಗೊಂಡಿತು. ಕರ್ನಾಟಕದ ಎರಡು ತುದಿಗಳಲ್ಲಿ ಹೀಗೆ ಎರಡು ಗಟ್ಟಿ ಮನೆಗಳು ನಿಂತವು.

ಆ ಕಾಲದಲ್ಲಿ ಹುಡುಗರನ್ನು ಎಳೆಯ ವಯಸ್ಸಿನಲ್ಲೇ ಕರೆದುಕೊಳ್ಳುತ್ತಿದ್ದುದಕ್ಕೆ ಭಕ್ತಿಗಿಂತ ಲೌಕಿಕವಾದ ಕಾರಣವೊಂದಿತ್ತು. ಅದು ಲ್ಯಾಟಿನ್. ಬಲಿಪೂಜೆ, ಪ್ರಾರ್ಥನಾ ಪುಸ್ತಕ, ದೇವಶಾಸ್ತ್ರದ ಪಠ್ಯ ಎಲ್ಲವೂ ಆ ಭಾಷೆಯಲ್ಲಿ. ಮನೆಯಲ್ಲಿ ಕೊಂಕಣಿಯನ್ನೋ ತುಳುವನ್ನೋ ಕನ್ನಡವನ್ನೋ ತಮಿಳನ್ನೋ ಆಡುವ ಹುಡುಗ ಲ್ಯಾಟಿನ್ ವ್ಯಾಕರಣವನ್ನು ಅರಗಿಸಿಕೊಳ್ಳಲು ವರ್ಷಗಳೇ ಬೇಕು, ತಡಮಾಡಿದರೆ ನಾಲಿಗೆ ಬಗ್ಗದು. ಶಾಲೆಯಿಲ್ಲದ ಹಳ್ಳಿಗಳ ಪಾಲಿಗೆ ಗುರುಮಠವೇ ಪ್ರೌಢಶಾಲೆ. ಅಲ್ಲಿ ಓದಿ, ನಡುವೆ ಹೊರಬಂದು ಮೇಷ್ಟ್ರಾದವರಿಂದ, ಗುಮಾಸ್ತರಾದವರಿಂದ, ಇಗರ್ಜಿಯ ಗಾಯನಕ್ಕೆ ದನಿಯಾದವರಿಂದ ಸಮಾಜಕ್ಕೆ ದೊರೆತ ಸೇವೆಯನ್ನು ಯಾರೂ ಅಳೆದಿಟ್ಟಿಲ್ಲ. ಆದರೂ 'ಸೆಮಿನರಿ ಬಿಟ್ಟವನು' ಎಂಬ ಮಾತು ಊರಿನಲ್ಲಿ ಅವರ ಬೆನ್ನು ಬಿಡಲಿಲ್ಲ. ಮೂಲದ ತತ್ವ ಎಷ್ಟು ಮರೆತುಹೋಗಿತ್ತೆಂಬುದಕ್ಕೆ ಈ ಮಾತೇ ಗುರುತು. ಹಿಂತಿರುಗುವುದಕ್ಕೆ ನಿಯಮದಲ್ಲಿ ಅಡ್ಡಿಯಿರಲಿಲ್ಲ. ಊರಿನ ಕಣ್ಣಲ್ಲಿ ಮಾತ್ರ ಅದು ಸೋಲು.

ಇದಕ್ಕೆ ಆದರ್ಶದ ಬೆಂಬಲವೂ ಇತ್ತೆನ್ನಬೇಕು. ಮಂಗಳೂರಿನ ಕಾಲೇಜಿನ ಪ್ರಾರ್ಥನಾಮಂದಿರದ ಗೋಡೆ, ಚಾವಣಿಗಳ ಮೇಲೆ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿ 1899ರಿಂದ ಬಿಡಿಸಿದ ಚಿತ್ರಗಳಲ್ಲಿ ಸಂತ ಅಲೋಶಿಯಸ್ ಗೊನ್ಸಾಗನ ಬದುಕು ಹರಡಿಕೊಂಡಿದೆ. ಹಿರಿಯ ಮಗನಾಗಿ ತನಗೆ ಬರಬೇಕಿದ್ದ ಸಂಸ್ಥಾನವನ್ನು ತಮ್ಮನಿಗೆ ಬಿಟ್ಟುಕೊಟ್ಟು 1585ರಲ್ಲಿ, ಹದಿನೇಳರ ಪ್ರಾಯದಲ್ಲಿ ಯೇಸುಸಭೆ ಸೇರಿದ ಹುಡುಗ ಆತ. ಆ ಚಿತ್ರಗಳ ಕೆಳಗೆ ಕುಳಿತು ಪ್ರಾರ್ಥಿಸಿದ ತಲೆಮಾರುಗಳಿಗೆ ದೈವಕರೆಯೆಂದರೆ ಧೀರ ತ್ಯಾಗ. ಆದರೆ ಕಥೆಯ ಇನ್ನೊಂದು ಮುಖವನ್ನು ಉಪದೇಶಗಳು ಅಷ್ಟಾಗಿ ಹೇಳಲಿಲ್ಲ. ತಂದೆ ಫೆರಾಂತೆ ಒಪ್ಪದೆ ಮಗನನ್ನು ಬಗೆಬಗೆಯಾಗಿ ಪರೀಕ್ಷಿಸಿದರು, ಆಸ್ಥಾನಗಳಿಗೆ ಕಳುಹಿಸಿದರು, ಕಾಯಿಸಿದರು. ಅಲೋಶಿಯಸ್‌ನ ನಿರ್ಧಾರ ಗಟ್ಟಿಯಾದದ್ದು ಆ ಕಾಯುವಿಕೆಯಲ್ಲೇ. ಹಟದ ತಂದೆಯನ್ನು ಖಳನಾಗಿ ಕಾಣದೆ ವಿವೇಚನೆಯ ಪಾಲುದಾರನಾಗಿ ಕಂಡರೆ ಆ ಚಿತ್ರಮಾಲೆ ಇಂದಿನ ಶಿಬಿರಕ್ಕೂ ಪಾಠವಾಗುತ್ತದೆ.

1964–1992: ಶಾಲೆ ಊರಿಗೆ ಬಂದ ಮೇಲೆ

ಧ್ಯಾನಕೂಟ ಎಲ್ಲ ವರ್ಗದವರಿಗೂ, ಯುವಕರಿಗೂ ಬೇಕೆಂದು ಪೋಪ್ ಹನ್ನೊಂದನೇ ಪಯಸ್ 1929ರ ವಿಶ್ವಪತ್ರದಲ್ಲಿ ಒತ್ತಿ ಹೇಳಿದ್ದರು. 1941ರಲ್ಲಿ ಹನ್ನೆರಡನೇ ಪಯಸ್ ಗುರುಗಳ ದೈವಕರೆಗೆಂದೇ ರೋಮಿನಲ್ಲಿ ಒಂದು ಕಾರ್ಯಾಲಯ ಸ್ಥಾಪಿಸಿದರು. ತಿರುವು ಬಂದದ್ದು ಮಾತ್ರ ಎರಡನೇ ವ್ಯಾಟಿಕನ್ ಮಹಾಸಭೆಯ ವರ್ಷಗಳಲ್ಲಿ. 1964ರ ಪ್ರಾರ್ಥನಾ ದಿನ, ಅದರ ಮರುವರ್ಷ ಅಕ್ಟೋಬರ್ 28ರಂದು ಹೊರಬಂದ ಗುರುಗಳ ತರಬೇತಿಯ ಶಾಸನ ಇವೆರಡೂ ಒಂದೇ ಮಾತನ್ನು ಮುಂದಿಟ್ಟವು: ದೈವಕರೆಯನ್ನು ಪೋಷಿಸುವುದು ಇಡೀ ಕ್ರೈಸ್ತ ಸಮುದಾಯದ ಹೊಣೆ, ಕುಟುಂಬವೇ ಮೊದಲ ಗುರುಮಠ. ಕಿರಿಯ ಗುರುಮಠಗಳನ್ನು ಆ ಶಾಸನ ರದ್ದು ಮಾಡಲಿಲ್ಲ. ಆದರೆ ಅಲ್ಲಿನ ಓದು, ಬೇರೆ ದಾರಿ ಹಿಡಿಯುವ ಹುಡುಗ ತೊಂದರೆಯಿಲ್ಲದೆ ಹೊರಗೆ ಮುಂದುವರಿಸುವಂತಿರಬೇಕೆಂದು ಹೇಳಿತು. ಮರಳುವ ದಾರಿಗೆ ಮಹಾಸಭೆಯೊಂದರ ಮುದ್ರೆ ಹೀಗೆ ಬಿತ್ತು.

ಶಾಸನದಷ್ಟೇ ಕೆಲಸ ಮಾಡಿದ್ದು ಊರಿನ ಬದಲಾವಣೆ. ಬಲಿಪೂಜೆ ಜನರ ಭಾಷೆಗಳಿಗೆ ಬಂತು. ಲ್ಯಾಟಿನ್ನಿನ ಕಾರಣಕ್ಕೆ ಹುಡುಗರನ್ನು ಹನ್ನೆರಡಕ್ಕೇ ಕರೆಯಬೇಕಾದ ಪ್ರಮೇಯ ತಪ್ಪಿತು. ಸ್ವಾತಂತ್ರ್ಯಾನಂತರ ಪ್ರೌಢಶಾಲೆಗಳು ಹೋಬಳಿ ಹೋಬಳಿಗೆ ಹರಡಿದವು, ಪದವಿಪೂರ್ವ ಕಾಲೇಜುಗಳು ತಾಲೂಕುಗಳಿಗೆ ಬಂದವು. 2002ರಲ್ಲಿ ಆರಂಭವಾದ ಅಕ್ಷರ ದಾಸೋಹ ಮಧ್ಯಾಹ್ನದ ಊಟವನ್ನೂ ಸರ್ಕಾರಿ ಶಾಲೆಗೆ ತಂದಿತು. ಟ್ರೆಂಟ್ ಒಂದೇ ಸೂರಿನಡಿ ಕೂಡಿಸಿದ್ದ ಅನ್ನ, ಅಕ್ಷರಗಳು ದೈವಕರೆಯಿಂದ ಕಳಚಿಕೊಂಡವು. ಓದಿಗಾಗಿ ಗುರುಮಠಕ್ಕೆ ಬರಬೇಕಾದ ಹುಡುಗ ಇಲ್ಲವಾದಾಗ ಸಂಖ್ಯೆ ಇಳಿಯಿತು, ನಿಜ. ಉಳಿದ ಪ್ರಶ್ನೆ ಮಾತ್ರ ಹಿಂದೆಂದಿಗಿಂತ ಸ್ಪಷ್ಟವಾಯಿತು. ಆ ಒಂದೇ ಪ್ರಶ್ನೆಗೆ ವರ್ಷಗಟ್ಟಲೆ ವಸತಿಶಾಲೆ ಬೇಕಿರಲಿಲ್ಲ, ಕೆಲವು ದಿನಗಳ ನಿರಾಳತೆ ಬೇಕಿತ್ತು. ವಿದ್ಯಾರ್ಥಿಗಳು ರಜೆಗೆ ಊರಿಗೆ ಹೋದಾಗ ಖಾಲಿ ಬೀಳುವ ಗುರುಮಠದ ಮಲಗುಕೋಣೆಗಳು, ಊಟದ ಕೋಣೆ, ಮೈದಾನ ಇವೇ ಶಿಬಿರದ ಕಟ್ಟಡಗಳಾದವು. ಹೊಸದಾಗಿ ಒಂದು ಇಟ್ಟಿಗೆಯನ್ನೂ ಇಡದೆ ಹುಟ್ಟಿಕೊಂಡ ಸಂಸ್ಥೆ ಇದು.

ಅದರ ಹರಹು ಹೆಚ್ಚಿದ್ದಕ್ಕೆ ಧರ್ಮಪ್ರಾಂತ್ಯಗಳು ಹೆಚ್ಚಿದ್ದೂ ಕಾರಣ. ಬಳ್ಳಾರಿ 1949ರಲ್ಲಿ, ಬೆಳಗಾವಿ 1953ರಲ್ಲಿ, ಚಿಕ್ಕಮಗಳೂರು 1963ರಲ್ಲಿ, ಕಾರವಾರ 1976ರಲ್ಲಿ, ಶಿವಮೊಗ್ಗ 1988ರಲ್ಲಿ, ಮುಂದೆ ಕಲಬುರಗಿ 2005ರಲ್ಲಿ, ಉಡುಪಿ 2012ರಲ್ಲಿ. ಪ್ರತಿ ಹೊಸ ಪ್ರಾಂತ್ಯಕ್ಕೂ ತನ್ನದೇ ಗುರುಗಳು ಬೇಕು, ಆದ್ದರಿಂದ ದೈವಕರೆಯ ಹೊಣೆ ಹೊತ್ತ ನಿರ್ದೇಶಕರೊಬ್ಬರು ಬೇಕು. ಇವರ ಜೊತೆಗೆ ಸನ್ಯಾಸ ಸಭೆಗಳ ಪ್ರತಿನಿಧಿಗಳೂ ಅವೇ ಧರ್ಮಕೇಂದ್ರಗಳಿಗೆ, ಅವೇ ಶಾಲೆಗಳಿಗೆ ಬರತೊಡಗಿದರು. ಒಂದೇ ಬೇಸಿಗೆಯಲ್ಲಿ ಒಬ್ಬನೇ ಹುಡುಗನಿಗೆ ಎರಡು ಮೂರು ಕರೆಪತ್ರ ಬಂದು ಇರಿಸುಮುರಿಸಾದ ಸಂದರ್ಭಗಳು ಇಲ್ಲವೆನ್ನಲಾಗದು. ಯಾವ ಭಾಷೆಯಲ್ಲಿ ಶಿಬಿರ ನಡೆಸಬೇಕು, ಯಾವ ಊರಿನವರಿಗೆ ಎಷ್ಟು ಅವಕಾಶ ಎಂಬ ಅಭಿಪ್ರಾಯಭೇದಗಳೂ ಅಲ್ಲಲ್ಲಿ ತಲೆಯೆತ್ತಿದವು. ಇವುಗಳಿಂದಾದ ಒಂದು ಒಳಿತನ್ನು ಹೇಳಲೇಬೇಕು. ಹುಡುಗ ಯಾರ ಸೊತ್ತೂ ಅಲ್ಲ ಎಂಬುದನ್ನು ಎಲ್ಲ ಕಡೆಯವರೂ ಒಪ್ಪಬೇಕಾಯಿತು. ಗುರುಗಳ ತರಬೇತಿ ಕುರಿತ 1992ರ ಪತ್ರದಲ್ಲಿ ಪೋಪ್ ಎರಡನೇ ಜಾನ್ ಪಾಲ್ ದೈವಕರೆಯನ್ನು ದೇವರ ಆಯ್ಕೆ, ಮನುಷ್ಯನ ಸ್ವಾತಂತ್ರ್ಯ ಎರಡೂ ಕೂಡಿದ ಸಂವಾದವೆಂದು ವಿವರಿಸಿದರು. (ಹುಡುಗಿಯರಿಗಾಗಿ ಕನ್ಯಾಸ್ತ್ರೀಯರ ಸಭೆಗಳು ನಡೆಸುವ ಶಿಬಿರಗಳದ್ದು ಪ್ರತ್ಯೇಕ, ದೊಡ್ಡ ಚರಿತ್ರೆ. ಅದನ್ನು ಬಲ್ಲವರೇ ಬರೆಯಬೇಕು.)

1983–2012: ಕೇಳಿಬರುವ ಆಕ್ಷೇಪಗಳು

ಈ ಚರಿತ್ರೆಯನ್ನು ಒಪ್ಪಿಕೊಂಡವರೂ ಕೇಳುವ ಮೊದಲ ಪ್ರಶ್ನೆ: ಮೀಸೆ ಮೂಡದ ಹುಡುಗ ಬ್ರಹ್ಮಚರ್ಯದ ಬಾಳನ್ನು ನಿರ್ಧರಿಸಬಲ್ಲನೆ? ಆಗದು, ಅವನನ್ನು ಯಾರೂ ಹಾಗೆ ನಿರ್ಧರಿಸೆಂದು ಕೇಳಲೂ ಕೂಡದು. 1983ರ ಧರ್ಮಸಭೆಯ ಕಾನೂನು ಸಂಹಿತೆ ಇದನ್ನು ಅಂಕಿಗಳಲ್ಲೇ ಹೇಳುತ್ತದೆ. ಹದಿನೇಳು ತುಂಬದೆ ನೊವಿಶಿಯೇಟ್ (ಸನ್ಯಾಸ ಸಭೆಯ ಆರಂಭದ ತರಬೇತಿ) ಇಲ್ಲ, ಹದಿನೆಂಟು ತುಂಬದೆ ತಾತ್ಕಾಲಿಕ ವ್ರತವಿಲ್ಲ, ಇಪ್ಪತ್ತೊಂದು ತುಂಬದೆ ನಿತ್ಯವ್ರತವಿಲ್ಲ, ಇಪ್ಪತ್ತೈದು ತುಂಬದೆ ಗುರುದೀಕ್ಷೆಯಿಲ್ಲ. ಯಾವ ಕಾರಣಕ್ಕೂ ಯಾರನ್ನೂ ದೀಕ್ಷೆಗೆ ಬಲವಂತ ಮಾಡಕೂಡದೆಂಬುದೂ ಅದೇ ಸಂಹಿತೆಯಲ್ಲಿದೆ. 1917ರ ಹಳೆಯ ಸಂಹಿತೆಯಲ್ಲಿ ನೊವಿಶಿಯೇಟಿಗೆ ಹದಿನೈದು ಸಾಕಿತ್ತೆಂಬುದನ್ನು ನೆನೆದರೆ ಗಾಳಿ ಯಾವ ಕಡೆ ಬೀಸುತ್ತಿದೆಯೆಂದು ತಿಳಿಯುತ್ತದೆ. ಶಿಬಿರದಲ್ಲಿ ಹುಡುಗನಿಗೆ ಎದುರಾಗುವುದು ಇನ್ನೂ ಚಿಕ್ಕ ಪ್ರಶ್ನೆ: ಈ ಬಗ್ಗೆ ಮುಂದೆ ಯೋಚಿಸಬೇಕೆ, ಬೇಡವೆ? ಅದೇ ವಯಸ್ಸಿನಲ್ಲಿ ವಿಜ್ಞಾನವೋ ವಾಣಿಜ್ಯವೋ ಎಂದು ಮಗನಿಂದ ಉತ್ತರ ಪಡೆಯುವ, ಆ ಉತ್ತರಕ್ಕೆ ದುಬಾರಿ ಶುಲ್ಕ ಕಟ್ಟುವ ಸಮಾಜಕ್ಕೆ ಈ ಪ್ರಶ್ನೆ ಅತಿಯೆನಿಸಬೇಕಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಮನೆಯಿಂದ ದೂರ, ಹಾಡು, ಮೌನ, ಪಾಪನಿವೇದನೆ, ಬಲಿಪೂಜೆ, ಜೊತೆಗಾರರ ಉತ್ಸಾಹ ಇವೆಲ್ಲ ಸೇರಿದಾಗ ಹುಡುಗನ ಮನಸ್ಸು ಕರಗುತ್ತದೆ. ಆ ಕರಗಿದ ಗಳಿಗೆಯ 'ಹೂಂ' ಎಷ್ಟರಮಟ್ಟಿಗೆ ಅವನದು? ಇದನ್ನು ಹೊರಗಿನವರ ಅಪವಾದವೆಂದು ತಳ್ಳಿಹಾಕುವಂತಿಲ್ಲ, ಇದು ಇಗ್ನೇಷಿಯಸನದೇ ಹದಿನಾಲ್ಕನೇ ಎಚ್ಚರಿಕೆ. ಸರಿಯಾಗಿ ನಡೆಯುವ ಶಿಬಿರದ ಲಕ್ಷಣಗಳು ಇಲ್ಲಿಂದಲೇ ಹುಟ್ಟುತ್ತವೆ. ಕೊನೆಯ ದಿನ ಕೈಯೆತ್ತಿಸುವುದಿಲ್ಲ. ಉತ್ತರವನ್ನು ಮನೆಗೆ ಹೋಗಿ, ತಿಂಗಳು ಕಳೆದು ಹೇಳಲು ಬಿಡುತ್ತಾರೆ. ನಿರ್ದೇಶಕರು ಮನೆಗೇ ಹೋಗಿ ತಂದೆತಾಯಿಯರ ಮಾತು ಕೇಳುತ್ತಾರೆ. ಇಲ್ಲವೆಂದ ಹುಡುಗನನ್ನೂ ಹೆಸರು ಹಿಡಿದು ಮಾತಾಡಿಸುತ್ತಾರೆ. ಇವಿಲ್ಲದ ಕಡೆ ಆಕ್ಷೇಪವೇ ಗೆದ್ದಂತೆ. ಇದಕ್ಕೆ ದೇಶದ ಕಾನೂನಿನ ಆಯಾಮವೂ ಇದೆ. ಹದಿನೆಂಟರೊಳಗಿನವರೆಲ್ಲರ ರಕ್ಷಣೆಗೆಂದು ಬಂದ 2012ರ ಪೋಕ್ಸೊ ಕಾಯ್ದೆಯ ಮುಂದೆ ಶಿಬಿರವೂ ಒಂದು ವಸತಿ ವ್ಯವಸ್ಥೆಯೇ. ಪೋಷಕರ ಲಿಖಿತ ಒಪ್ಪಿಗೆ, ಒಬ್ಬರಿಗಿಂತ ಹೆಚ್ಚು ಹಿರಿಯರ ಮೇಲ್ವಿಚಾರಣೆ, ತೆರೆದ ಜಾಗದಲ್ಲಿ ನಡೆಯುವ ವೈಯಕ್ತಿಕ ಸಂದರ್ಶನ ಇವುಗಳನ್ನು ಅಪನಂಬಿಕೆಯ ಕ್ರಮಗಳೆಂದು ಗೊಣಗುವವರಿದ್ದಾರೆ. ಜಗತ್ತಿನ ಹಲವೆಡೆ ಧರ್ಮಸಭೆ ಅನುಭವಿಸಿದ ಅವಮಾನದ ನಂತರ ಈ ಗೊಣಗಾಟಕ್ಕೆ ಅರ್ಥವಿಲ್ಲ.

ಇನ್ನು ಲೆಕ್ಕದವರ ಪ್ರಶ್ನೆ. ಇಷ್ಟು ಹುಡುಗರಿಗೆ ಊಟ ಹಾಕಿ ಕೈಗೆ ಸಿಗುವುದು ಬೆರಳೆಣಿಕೆಯೆಂದಾದರೆ ಖರ್ಚು ಯಾಕೆ? ಭರ್ತಿಯೇ ಗುರಿಯಾಗಿದ್ದರೆ ಈ ಪ್ರಶ್ನೆಗೆ ಉತ್ತರವಿಲ್ಲ. ಆದರೆ ಹಳ್ಳಿಯ ಹುಡುಗನಿಗೆ, 'ನಿನಗೇನು ಬೇಕು, ನಿನ್ನಲ್ಲೇನಿದೆ, ನಿನ್ನಿಂದ ಯಾರಿಗೆ ಉಪಯೋಗ' ಎಂದು ಕೂರಿಸಿ ಕೇಳುವ ಜಾಗ ಇನ್ನೆಲ್ಲಿದೆ? ಅಂಕ ಕೇಳುವವರಿದ್ದಾರೆ, ರ‍್ಯಾಂಕ್ ಕೇಳುವವರಿದ್ದಾರೆ, ಗಲ್ಫಿಗೆ ಯಾವಾಗ ಹೋಗುತ್ತೀಯೆಂದು ಕೇಳುವವರಿದ್ದಾರೆ. ಅಲ್ಲಿಂದ ಮರಳಿದ ಹುಡುಗ ಮುಂದೆ ಒಳ್ಳೆಯ ಶಿಕ್ಷಕನೋ, ಧರ್ಮಕೇಂದ್ರದ ಗುರ್ಕಾರನೋ, ಮಗ ಗುರುವಾಗಬೇಕೆಂದಾಗ ಹೆದರದೆ ಆಲಿಸುವ ತಂದೆಯೋ ಆದರೆ ಅದನ್ನು ವ್ಯರ್ಥವೆಂದು ಯಾವ ಖಾತೆಗೆ ಬರೆಯುವುದು? ಕುಟುಂಬವೇ ಮೊದಲ ಗುರುಮಠವೆಂದ 1965ರ ಮಾತನ್ನು ನಂಬುವುದಾದರೆ, ಆ ಗುರುಮಠವನ್ನು ಮುಂದೆ ನಡೆಸುವವರು ಮರಳಿಹೋದ ಹುಡುಗರೇ.

2016ರ ಈಚೆಗೆ

2016ರ ಡಿಸೆಂಬರ್ 8ರಂದು ರೋಮ್ ಹೊರಡಿಸಿದ ಗುರುಗಳ ತರಬೇತಿಯ ಮೂಲ ನಿಯಮಾವಳಿ, ಹಿರಿಯ ಗುರುಮಠಕ್ಕೆ ಮೊದಲು ಒಂದರಿಂದ ಎರಡು ವರ್ಷದ ಪೂರ್ವಸಿದ್ಧತೆಯ ಹಂತವನ್ನು ಕಡ್ಡಾಯ ಮಾಡಿತು. 2018ರ ಅಕ್ಟೋಬರಿನ ಧರ್ಮಾಧ್ಯಕ್ಷರ ಸಿನೊಡ್ ಯುವಜನ, ವಿಶ್ವಾಸ, ದೈವಕರೆಯ ವಿವೇಚನೆ ಎಂಬ ವಿಷಯವನ್ನೇ ಎತ್ತಿಕೊಂಡಿತು. ಅದರ ಫಲವಾಗಿ ಪೋಪ್ ಫ್ರಾನ್ಸಿಸ್ 2019ರ ಮಾರ್ಚ್ 25ರಂದು ಬರೆದ ಪತ್ರದಲ್ಲಿ ಮದುವೆ, ದುಡಿಮೆ, ಗುರುತನ, ಸನ್ಯಾಸ ಎಲ್ಲವೂ ದೈವಕರೆಯ ಅಧ್ಯಾಯದಲ್ಲೇ ಬರುತ್ತವೆ. ಶಿಬಿರದ ಹೊಣೆ ಇದರಿಂದ ಹಗುರವೂ ಆಗಿದೆ, ಹೆಚ್ಚೂ ಆಗಿದೆ. ಆಯ್ಕೆಯ ಭಾರ ಇನ್ನು ಅದರ ಮೇಲಿಲ್ಲ. ಆದರೆ ಬಂದ ಪ್ರತಿ ಹುಡುಗನೂ ಯಾವುದೋ ಒಂದು ಕರೆಯವನೇ ಆಗಿರುವುದರಿಂದ, ಮರಳುವವನಿಗೂ ಏನನ್ನಾದರೂ ಕೊಟ್ಟು ಕಳುಹಿಸಬೇಕಾಗಿದೆ.

ಕೈಯಲ್ಲಿರುವ ಕೆಲಸ ಎರಡಿದೆ. ಮೊದಲನೆಯದು ದಾಖಲೆ. ಸೇರಿದವರ ಕಡತದಷ್ಟೇ ಜೋಪಾನವಾಗಿ, ಅವರವರ ಒಪ್ಪಿಗೆ ಪಡೆದು, ಮರಳಿದವರ ಪಟ್ಟಿಯನ್ನೂ ಇಡಬೇಕು. ಹತ್ತಿಪ್ಪತ್ತು ವರ್ಷಗಳ ಮೇಲೆ ಅವರನ್ನು ಕರೆದು ಮಾತಾಡಿಸಿದರೆ ಮುಂದಿನ ಸ್ಮರಣ ಸಂಚಿಕೆಗೆ ಊಹೆಗಿಂತ ಗಟ್ಟಿಯಾದ ಸಾಮಗ್ರಿ ಸಿಕ್ಕೀತು. ಎರಡನೆಯದು ದಿನಗಳ ಅಭಾವ. ಸಿಇಟಿ, ನೀಟ್ ಪರೀಕ್ಷೆಗಳು ಏಪ್ರಿಲ್, ಮೇ ತಿಂಗಳುಗಳನ್ನು ನುಂಗಿಹಾಕಿವೆ. ಮನಸ್ಸು ಹಗುರಾಗಿ ಕೂರುವ ರಜೆ ಪಿಯುಸಿ ಹುಡುಗನಿಗೆ ಉಳಿದಿಲ್ಲ. ಬೇಸಿಗೆಯ ಒಂದೇ ದೀರ್ಘ ಶಿಬಿರಕ್ಕೆ ಜೋತುಬೀಳುವ ಬದಲು ದಸರೆಗೆ ಎರಡು ದಿನ, ಕ್ರಿಸ್ಮಸ್ ಕಳೆದ ಮೇಲೆ ಎರಡು ದಿನ, ಪರೀಕ್ಷೆಯೆಲ್ಲ ಮುಗಿದ ಮೇಲೆ ಮತ್ತೆರಡು ದಿನ ಎಂದು ವರ್ಷದುದ್ದಕ್ಕೂ ಹಂಚುವುದು ಅನುಕೂಲ. ಒಂದು ಭೇಟಿಗೂ ಇನ್ನೊಂದಕ್ಕೂ ನಡುವೆ ಹುಡುಗ ಮನೆಯಲ್ಲಿರುತ್ತಾನೆ, ಅಪ್ಪ ಅಮ್ಮನೊಡನೆ ಮಾತಾಡುತ್ತಾನೆ, ಬೇಡವೆನಿಸಿದರೆ ಮುಂದಿನ ಸಲ ಬಾರದೆ ಉಳಿಯುತ್ತಾನೆ. ಹಾಗೆ ಬಾರದೆ ಉಳಿದವನಿಗೂ ನಿರ್ದೇಶಕರು ಹಬ್ಬಕ್ಕೊಂದು ಫೋನ್ ಮಾಡಿದರೆ ಸಾಕು, ಅವನ ಪಾಲಿಗೆ ಗುರುಮಠದ ಗೇಟು ಮುಚ್ಚಿರುವುದಿಲ್ಲ.